ಜೈಲಿನ ಸಾರು ರುಚಿ ನೋಡಿದ್ದು ಸಾಕು, ರಿಜಿಸ್ಟರ್ ತೆರೆಯಿರಿ

ಮಾನ್ಯ ಸಂಪಾದಕರೆ,

ನ್ಯಾಯಾಧೀಶರೋ ಜಿಲ್ಲಾಧಿಕಾರಿಯೋ ಕಾರಾಗೃಹಕ್ಕೆ ಭೇಟಿ ಕೊಟ್ಟ ಮರುದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುವ ಫೋಟೊ ಹೆಚ್ಚೂಕಡಿಮೆ ಒಂದೇ ಥರ. ಅಡುಗೆಮನೆ, ದೊಡ್ಡ ಪಾತ್ರೆ, ಸೌಟಿನಲ್ಲಿ ಸಾರು, ರುಚಿ ನೋಡುತ್ತಿರುವ ಗಣ್ಯರು. ಕೆಳಗೆ ‘ಸ್ವಚ್ಛತೆ ಕಾಪಾಡಲು ಸೂಚನೆ’ ಎಂಬ ಸಾಲು. ಉಪ್ಪು, ಖಾರ ಸರಿಯಿದೆಯೇ ಎಂದು ನೋಡುವುದು ತಪ್ಪಲ್ಲ. ಆದರೆ ಆ ದಿನ ಯಾವ ರಿಜಿಸ್ಟರ್ ತೆರೆದರು, ಹಿಂದಿನ ಭೇಟಿಯಲ್ಲಿ ಬರೆದುಹೋದ ಟಿಪ್ಪಣಿಯಲ್ಲಿ ಎಷ್ಟು ಜಾರಿಯಾಗಿದೆ ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. 2024ರ ಆಗಸ್ಟ್‌ನಲ್ಲಿ ಚಿತ್ರನಟರೊಬ್ಬರನ್ನು ಪರಪ್ಪನ ಅಗ್ರಹಾರದಿಂದ ಬಳ್ಳಾರಿ ಕೇಂದ್ರ ಕಾರಾಗೃಹಕ್ಕೆ ತಂದಾಗ ರಾಜ್ಯದ ಟಿವಿ ಕ್ಯಾಮೆರಾಗಳೆಲ್ಲ ಗೇಟಿನ ಮುಂದೆ ಠಿಕಾಣಿ ಹೂಡಿದ್ದವು. ಅವರು ಜಾಮೀನಿನ ಮೇಲೆ ಹೊರಟರು, ಕ್ಯಾಮೆರಾಗಳೂ ಹೊರಟವು. ಹೆಸರಿಲ್ಲದ ಉಳಿದವರು ಮಾತ್ರ ಒಳಗೇ ಉಳಿದರು.

ಪೊಲೀಸ್ ಠಾಣೆ ಮತ್ತು ಜೈಲಿನ ಮೇಲೆ ಕಣ್ಣಿಡಲು ನಮ್ಮಲ್ಲಿ ಸಮಿತಿಗಳಿಗೆ ಬರವಿಲ್ಲ. ಜೈಲಿಗೆ ಸಂದರ್ಶಕರ ಮಂಡಳಿ ಇದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇದೆ. ಪೊಲೀಸ್ ಸುಧಾರಣೆ ಕುರಿತ ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ, 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರವನ್ನೂ ಕಾನೂನಿನಲ್ಲಿ ಬರೆಯಲಾಗಿದೆ. ಇವುಗಳ ಮೇಲೆ ಮಾನವ ಹಕ್ಕುಗಳ ಆಯೋಗವೂ ಇದೆ. ಇಷ್ಟೆಲ್ಲ ಇದ್ದೂ ಸಭೆ ಯಾವತ್ತು ನಡೆಯಿತು, ನಡಾವಳಿಯಲ್ಲಿ ಏನು ದಾಖಲಾಯಿತು ಎನ್ನುವುದು ಊರಿನವರ ಕಿವಿಗೆ ಬೀಳುವುದಿಲ್ಲ. ಈ ಪತ್ರ ಇರುವುದು ಅದರ ಬಗ್ಗೆ. ಬೇಕಿರುವುದು ಮಾಮೂಲಿ ಕಾಗದದಲ್ಲಿ ನಾಲ್ಕೈದು ತಾರೀಖು, ಅಷ್ಟೇ.

ಮೊದಲು ಠಾಣೆಯ ಕ್ಯಾಮೆರಾ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ. ಒಳಬರುವ, ಹೊರಹೋಗುವ ದಾರಿ, ಮುಖ್ಯ ಗೇಟು, ಲಾಕಪ್ಪು, ಪಡಸಾಲೆ, ಇನ್‌ಸ್ಪೆಕ್ಟರ್ ಕೋಣೆ, ಸಬ್ ಇನ್‌ಸ್ಪೆಕ್ಟರ್ ಕೋಣೆ, ಠಾಣೆಯ ಹಿಂಭಾಗ, ಶೌಚಾಲಯದ ಹೊರಗೆ, ಹೀಗೆ ಕ್ಯಾಮೆರಾ ಇರಬೇಕಾದ ಜಾಗಗಳನ್ನು ಒಂದೊಂದಾಗಿ ಹೆಸರಿಸಿದೆ. ಚಿತ್ರದ ಜೊತೆ ಧ್ವನಿಯೂ ದಾಖಲಾಗಬೇಕು, ಕತ್ತಲಲ್ಲೂ ಕಾಣಬೇಕು. ದಾಖಲೆ 18 ತಿಂಗಳು ಉಳಿಯಬೇಕು. ಅಷ್ಟು ಸಾಮರ್ಥ್ಯದ ಉಪಕರಣ ಮಾರುಕಟ್ಟೆಯಲ್ಲಿ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಆಗುವಂತಿಲ್ಲ.

ಈಗ ಲೆಕ್ಕ ಹಾಕೋಣ. ಒಂದು ಠಾಣೆಗೆ 2 ಮೆಗಾಪಿಕ್ಸೆಲ್‌ನ 16 ಕ್ಯಾಮೆರಾ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ದಾಖಲಾದರೆ ಒಂದು ಕ್ಯಾಮೆರಾ ದಿನಕ್ಕೆ ತಿನ್ನುವುದು ಸುಮಾರು 21.6 ಜಿಬಿ. ಹದಿನಾರೂ ಸೇರಿ ದಿನಕ್ಕೆ 345 ಜಿಬಿ ದಾಟುತ್ತದೆ. ರೆಕಾರ್ಡರಿನೊಳಗೆ 8 ಟಿಬಿಯ ಡಿಸ್ಕ್ ಒಂದೇ ಇದ್ದರೆ 23 ದಿನಕ್ಕೆ ಭರ್ತಿ. ಇಪ್ಪತ್ನಾಲ್ಕನೆಯ ದಿನ ಯಂತ್ರ ಯಾರನ್ನೂ ಕೇಳದೆ ಮೊದಲನೆಯ ದಿನದ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತದೆ. ಒಂದು ವರ್ಷ ಉಳಿಯಬೇಕಾದರೆ ಸುಮಾರು 126 ಟಿಬಿ, 18 ತಿಂಗಳಿಗೆ 189 ಟಿಬಿ, ಅಂದರೆ ಅಂಥ ಡಿಸ್ಕ್ 24 ಬೇಕು. ಗುತ್ತಿಗೆದಾರರು ಬಿಲ್ಲಿನಲ್ಲಿ ಕ್ಯಾಮೆರಾ ಎಷ್ಟು ಎಂದು ತೋರಿಸುತ್ತಾರೆ. ಡಿಸ್ಕ್ ಎಷ್ಟು ಎಂದು ಎಣಿಸಿ ನೋಡುವವರು ವಿರಳ. ಕಸ್ಟಡಿಯಲ್ಲಿ ಹೊಡೆದರೆಂಬ ದೂರು ನ್ಯಾಯಾಲಯದ ಮುಂದೆ ಬಂದು, ನೋಟಿಸ್ ಹೋಗಿ, ಉತ್ತರ ಬರುವಷ್ಟರಲ್ಲಿ ಎರಡು ತಿಂಗಳು ಸರಿದಿರುತ್ತದೆ. ಆಮೇಲೆ ‘ದೃಶ್ಯ ಲಭ್ಯವಿಲ್ಲ’ ಎಂಬ ಒಂದೇ ಸಾಲು. ಇದರಲ್ಲಿ ಯಾರೂ ಏನನ್ನೂ ಅಳಿಸಿರಬೇಕಾಗಿಲ್ಲ, ಡಿಸ್ಕ್ ಚಿಕ್ಕದಿದ್ದರೆ ಸಾಕು.

ಜಾಗ ಉಳಿಸಲೆಂದು ಕೆಲವರು ‘ಚಲನೆ ಇದ್ದಾಗ ಮಾತ್ರ ದಾಖಲೆ’ ಎಂಬ ಸೆಟ್ಟಿಂಗ್ ಹಾಕುತ್ತಾರೆ. ಅಂಗಡಿಗಾದರೆ ಸರಿ, ಲಾಕಪ್ಪಿಗಲ್ಲ. ರಾತ್ರಿ ಎರಡರಿಂದ ನಾಲ್ಕರವರೆಗೆ ದೃಶ್ಯ ಇಲ್ಲವೆಂದರೆ ಒಳಗಿದ್ದವನು ಅಲುಗಾಡದೆ ಮಲಗಿದ್ದನೋ, ಕ್ಯಾಮೆರಾದ ವೈರು ಕಿತ್ತಿತ್ತೋ ಆ ಸೆಟ್ಟಿಂಗ್‌ನಲ್ಲಿ ಹೇಳಲಾಗದು.

ಬಳ್ಳಾರಿಗೆ ಇನ್ನೆರಡು ತಾಪತ್ರಯ ಸೇರುತ್ತವೆ. ನಮ್ಮಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಮಾತಿದೆಯಲ್ಲ. ಕಿಟಕಿಯಿಲ್ಲದ ಮೂಲೆಯಲ್ಲಿ, ಹಳೆಯ ಕಡತಗಳ ನಡುವೆ ಇಟ್ಟ ರೆಕಾರ್ಡರ್ ಆ ಸೆಕೆಯಲ್ಲಿ ಡಿಸ್ಕ್ ಸುಟ್ಟುಕೊಳ್ಳುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂದೂಳು ಮಸೂರದ ಮೇಲೆ ಕೂತರೆ ರಾತ್ರಿಯ ಇನ್‌ಫ್ರಾರೆಡ್ ಬೆಳಕು ಅದೇ ದೂಳಿಗೆ ಬಡಿದು ವಾಪಸಾಗಿ ತೆರೆಯೆಲ್ಲ ಬೆಳ್ಳಗೆ ಕಾಣುತ್ತದೆ, ಮುಖ ಗುರುತು ಹತ್ತುವುದಿಲ್ಲ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ದಾಖಲೆ ತುಂಡಾಗುತ್ತದೆ. ಇದೆಲ್ಲಕ್ಕಿಂತ ಸಣ್ಣದು, ಆದರೆ ಕೋರ್ಟಿನಲ್ಲಿ ಹೆಚ್ಚು ಕಾಡುವುದು ರೆಕಾರ್ಡರಿನ ಗಡಿಯಾರ. ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದರೆ ಪ್ರತಿ ಸಲ ಕರೆಂಟ್ ಬಂದಾಗಲೂ ವೇಳೆ ಹಿಂದಕ್ಕೆ ಜಾರುತ್ತದೆ. ಠಾಣಾ ದಿನಚರಿಯಲ್ಲಿ ‘ರಾತ್ರಿ 9.40ಕ್ಕೆ ಕರೆತರಲಾಯಿತು’ ಎಂದಿದ್ದು ದೃಶ್ಯದಲ್ಲಿ ಸಂಜೆ 6.15 ಎಂದಿದ್ದರೆ ಇಬ್ಬರು ವಕೀಲರು ಸೇರಿ ಇಡೀ ದಿನ ಅದರ ಮೇಲೇ ಜಗ್ಗಾಡಬಹುದು. ಗಡಿಯಾರದಂಗಡಿಯಲ್ಲಿ ಸಿಗುವ ಬ್ಯಾಟರಿ ಅದು.

ಇದನ್ನೆಲ್ಲ ನೋಡಿಕೊಳ್ಳಲು ಅದೇ ತೀರ್ಪು ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿಯನ್ನು ಹೇಳಿದೆ. ಅದರಲ್ಲಿ ವಿಭಾಗದ ಆಯುಕ್ತರು (ನಮಗೆ ಕಲಬುರಗಿಯ ಪ್ರಾದೇಶಿಕ ಆಯುಕ್ತರು), ಜಿಲ್ಲಾಧಿಕಾರಿ, ಎಸ್‌ಪಿ, ಜೊತೆಗೆ ಜಿಲ್ಲೆಯ ಮೇಯರ್ ಅಥವಾ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು ಇರಬೇಕು. ಬಳ್ಳಾರಿಗೆ ಮೇಯರ್ ಇದ್ದಾರೆ, ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಪಾಲಿಕೆಯೇ ಇಲ್ಲದ ಕೊಪ್ಪಳದಂಥ ಜಿಲ್ಲೆಯ ಗತಿಯೇನು? ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದಿದ್ದರಿಂದ, ಜನರಿಂದ ಆರಿಸಿಬಂದ ಆ ಒಂದು ಕುರ್ಚಿಯೂ ಖಾಲಿ ಬೀಳುತ್ತದೆ. ಪೊಲೀಸ್ ಠಾಣೆಯ ಕ್ಯಾಮೆರಾ ನೋಡುವ ಸಮಿತಿಯಲ್ಲಿ ಆಗ ಉಳಿಯುವವರು ಅಧಿಕಾರಿಗಳು, ಅವರಲ್ಲೊಬ್ಬರು ಎಸ್‌ಪಿ. ಈ ಸಮಿತಿ ಪ್ರತಿ ತಿಂಗಳು ರಾಜ್ಯ ಸಮಿತಿಗೆ ವರದಿ ಕಳಿಸಬೇಕು. ಯಾರೂ ದೂರು ಕೊಡದಿದ್ದರೂ ತಾನಾಗಿ ದೃಶ್ಯ ತೆಗೆಸಿ, ಹಕ್ಕು ಉಲ್ಲಂಘನೆ ಆಗಿದೆಯೇ ಎಂದು ನೋಡಬೇಕು. ಎರಡನೆಯದು ತೀರ್ಪಿನಲ್ಲಿ ಅಕ್ಷರಶಃ ಇದೆ ಎಂದರೆ ಕೇಳಿದವರು ಇಂದಿಗೂ ಬೆರಗಾಗುತ್ತಾರೆ.

ಬಂಧನದಲ್ಲಿರುವವರ ಮನೆಯವರು ಮಾಡಬೇಕಾದ್ದು ಒಂದಿದೆ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರಲ್ಲ, ಅವತ್ತೇ ವಕೀಲರ ಮೂಲಕ ಒಂದು ಅರ್ಜಿ ಹಾಕಿ, ಇಂಥ ತಾರೀಖು ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ, ಇಂಥ ಇಂಥ ಜಾಗದ ಕ್ಯಾಮೆರಾದ ದೃಶ್ಯವನ್ನು ತೆಗೆದಿಡಿ ಎಂದು ಕೇಳಬೇಕು. ‘ಠಾಣೆಯ ಸಿಸಿಟಿವಿ ಕೊಡಿ’ ಎಂದು ಮೋಘಂ ಆಗಿ ಬರೆದರೆ ಕೆಲಸವಾಗುವುದಿಲ್ಲ. ಪ್ರತಿ ಬಂದಾಗ ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ, ಬೆರಳಚ್ಚಿನಂಥ ಸಂಕೇತ) ಇದೆಯೇ ನೋಡಿಕೊಳ್ಳಬೇಕು. ಅದಿಲ್ಲದ ಪೆನ್‌ಡ್ರೈವ್‌ಗೆ ವಿಚಾರಣೆಯಲ್ಲಿ ಬೆಲೆ ಕಡಿಮೆ.

ಇನ್ನು ಭಾಷೆಯ ಮಾತು. ಇದನ್ನು ಗಡಿ ಜಿಲ್ಲೆಯವರು ಎತ್ತದೆ ಬೆಂಗಳೂರಿನವರು ಎತ್ತಲಾರರು. ಬಂಧನದ ಕಾರಣಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ಕ್ಷಣಕ್ಕೆ ಬರೆದು ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಬರಹ ಕೈಸೇರಬೇಕು. ಬಳ್ಳಾರಿಯಲ್ಲಿ ತೆಲುಗು, ಉರ್ದು ಮನೆಮಾತಿನವರು ಎಷ್ಟು ಜನ! ತೋರಣಗಲ್ಲಿನ ಕಾರ್ಖಾನೆ ಸುತ್ತ ಬಿಹಾರ, ಒಡಿಶಾ ಕಡೆಯಿಂದ ಬಂದ ಕೂಲಿಯವರು ಬೇರೆ. ಕನ್ನಡದ ಅಚ್ಚು ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ‘ಓದಿ ಹೇಳಲಾಗಿದೆ’ ಎಂದು ಬರೆದರೆ ಓದಿದ್ದು ಯಾರು, ಹೇಳಿದ್ದು ಯಾವ ಭಾಷೆಯಲ್ಲಿ? ಕನ್ನಡದ ಜೊತೆ ತೆಲುಗು, ಉರ್ದು, ಹಿಂದಿಯಲ್ಲೂ ಫಾರಂ ಅಚ್ಚು ಹಾಕಿಸಿ ಪ್ರತಿ ಠಾಣೆಯಲ್ಲಿಟ್ಟರೆ, ಪ್ರಕರಣದ ವಿವರವನ್ನು ಆ ಭಾಷೆ ಬಲ್ಲ ಸಿಬ್ಬಂದಿಯಿಂದ ತುಂಬಿಸಬಹುದು. ಕನ್ನಡ ನಾಡಿನಲ್ಲಿ ಬೇರೆ ಭಾಷೆಯ ಫಾರಂ ಏಕೆ ಎನ್ನುವವರಿಗೆ ಹೇಳುವುದಿಷ್ಟೇ: ಅದು ಬಂಧಿತನಿಗೆ ಉಪಕಾರ ಮಾಡುವುದಕ್ಕಿಂತ ಹೆಚ್ಚಾಗಿ ಪೊಲೀಸರ ಪ್ರಕರಣವನ್ನೇ ಕಾಯುತ್ತದೆ. ಬರಹ ಸರಿಯಿಲ್ಲದಿದ್ದರೆ ಬಂಧನವೇ ಕಾನೂನುಬಾಹಿರವಾಗುತ್ತದೆ.

ಜೈಲಿನ ಒಳಗಿನ ತಡೆಗಳು ಬೇರೆ ಬಗೆಯವು. ಜಾಮೀನು ಸಿಕ್ಕ ಮೇಲೂ ಒಳಗೇ ಇರುವವರ ಪಟ್ಟಿಯನ್ನು ಯಾವ ಗಣ್ಯರಾದರೂ ಸೌಟು ಕೆಳಗಿಟ್ಟು ಕೇಳಲಿ. ಕಾರಣ ಮಾಮೂಲು. ಪಹಣಿ ತಂದು ಶ್ಯೂರಿಟಿ ನಿಲ್ಲುವವರು ಸಿಗುವುದಿಲ್ಲ. ಬಿಡುಗಡೆ ಆದೇಶದಲ್ಲಿ ‘ಹುಲುಗಪ್ಪ’, ಜೈಲಿನ ರಿಜಿಸ್ಟರಿನಲ್ಲಿ ‘ಹುಲಿಗೆಪ್ಪ’ ಎಂದಿದ್ದು ಆದೇಶ ವಾಪಸ್ ಹೋಗುತ್ತದೆ. ಅಥವಾ ಇನ್ನೊಂದು ಕೇಸಿನಲ್ಲಿ ಹಾಜರುಪಡಿಸಿ ಎನ್ನುವ, ಬೇರೆ ಕೋರ್ಟಿನ ಬಾಡಿ ವಾರಂಟ್ ಒಂದು ಬಾಕಿ ಇರುತ್ತದೆ. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶದಂತೆ ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಜೈಲಿಗೆ ಇ-ಮೇಲ್ ಮಾಡಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಆಗದಿದ್ದರೆ ನ್ಯಾಯಾಲಯ ತಾನಾಗಿ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು. ಬಡ ಕೈದಿಗಳಿಗೆ ನೆರವಾಗುವ ಕೇಂದ್ರದ ಯೋಜನೆಯಲ್ಲಿ ವಿಚಾರಣಾಧೀನರಿಗೆ ಜಾಮೀನು ಹಣ, ಶಿಕ್ಷೆಯಾದವರಿಗೆ ದಂಡದ ಹಣ ಕೊಡಲು ಅವಕಾಶವಿದೆ. ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯಂಥ ಪ್ರಕರಣಗಳಿಗೆ ಇದು ಅನ್ವಯಿಸದು.

ಮತ್ತೊಂದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479. ಹಿಂದೆಂದೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ, ಉಳಿದವರು ಅರ್ಧ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳು ಇದರಲ್ಲಿ ಬರುವುದಿಲ್ಲ. ಗರಿಷ್ಠ 3 ವರ್ಷ ಶಿಕ್ಷೆಯ ಬೈಕ್ ಕಳವಿನ ಆರೋಪಿಗೆ ಮೊದಲ ಲೆಕ್ಕದಲ್ಲಿ ಒಂದು ವರ್ಷ. ಆ ದಿನ ಬಂದ ತಕ್ಷಣ ನ್ಯಾಯಾಲಯಕ್ಕೆ ಬರೆಯಬೇಕಾದವರು ಜೈಲಿನ ಅಧೀಕ್ಷಕರೇ, ಕೈದಿ ಅರ್ಜಿ ಹಾಕುವವರೆಗೆ ಕಾಯುವಂತಿಲ್ಲ. ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೂ ಮುಂಚಿನ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ ಎಂದು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಎಣಿಕೆ ತಪ್ಪುವುದು ಒಂದು ಜೈಲಿನಿಂದ ಇನ್ನೊಂದಕ್ಕೆ ವರ್ಗವಾದವರದ್ದು: ಮೊದಲ ಬಂಧನದ ತಾರೀಖಿನ ಬದಲು ಹೊಸ ಜೈಲಿಗೆ ಬಂದ ತಾರೀಖಿನಿಂದ ಎಣಿಸಿದರೆ ತಿಂಗಳುಗಳೇ ಕಳೆದುಹೋಗುತ್ತವೆ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೆ ಈ ಅವಕಾಶವಿಲ್ಲ ಎಂಬ ಉಪಕಲಂ ಬೇರೆ. ಸಾಬೀತಾಗದ ಎರಡನೇ ಕೇಸೂ ಬಾಗಿಲು ಮುಚ್ಚುತ್ತದೆ. ಇದು ನಮಗೆ ಸರಿ ಕಾಣುವುದಿಲ್ಲ.

ಸುಪ್ರೀಂ ಕೋರ್ಟಿನ 2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ತೀರ್ಪು ಕೈದಿಗಳ ರಿಜಿಸ್ಟರಿನ ಜಾತಿ ಕಾಲಂ ತೆಗೆಯಿರಿ, ಜಾತಿ ನೋಡಿ ಕೆಲಸ ಹಂಚಬೇಡಿ ಎಂದಿದೆ. ಕಸ ಗುಡಿಸುವ ಪಾಳಿಯ ಪಟ್ಟಿ ಮತ್ತು ಅಡುಗೆಮನೆಯ ಪಾಳಿಯ ಪಟ್ಟಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಆದ್ದರಿಂದ ಜಿಲ್ಲಾಡಳಿತ ಮೂರು ತಿಂಗಳಿಗೊಮ್ಮೆ ಒಂದೇ ಹಾಳೆ ಹಚ್ಚಲಿ. ಯಾವ ಠಾಣೆಯ ಯಾವ ಕ್ಯಾಮೆರಾ ಯಾವ ದಿನ ಕೆಟ್ಟಿತು, ಯಾವ ದಿನ ವರದಿಯಾಯಿತು, ಯಾವ ದಿನ ರಿಪೇರಿಯಾಯಿತು, ಡಿಸ್ಕ್‌ನಲ್ಲಿರುವ ಅತಿ ಹಳೆಯ ದೃಶ್ಯದ ತಾರೀಖು ಯಾವುದು, ಸಮಿತಿಗಳು ಸೇರಿದ ದಿನ ಯಾವುದು. ಜಾಮೀನಾಗಿ ಏಳು ದಿನ ದಾಟಿದವರು ಎಷ್ಟು ಜನ, ಕಲಂ 479ರಡಿ ಅಧೀಕ್ಷಕರು ಬರೆದ ಪತ್ರಗಳೆಷ್ಟು ಎಂಬ ಸಂಖ್ಯೆ ಸಾಕು, ಹೆಸರು ಬೇಡ. ಇದರಲ್ಲಿ ತನಿಖೆಯ ಗುಟ್ಟು ಯಾವುದೂ ಇಲ್ಲ. ಅಲ್ಲಿಯವರೆಗೆ ಓದುಗರು ಇವನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಉತ್ತರಕ್ಕೆ 30 ದಿನ. ದೃಶ್ಯವನ್ನೇ ಕೇಳಿದರೆ ತನಿಖೆಯ ಕಾರಣ ಕೊಟ್ಟು ತಿರಸ್ಕರಿಸುವುದು ಸುಲಭ. ರಿಪೇರಿ ರಿಜಿಸ್ಟರಿನ ಪ್ರತಿ ಕೇಳಿದರೆ ಅಷ್ಟು ಸುಲಭವಲ್ಲ.

ಹಾಳೆಯನ್ನು ಠಾಣೆಯ ಗೇಟಿನ ಪಕ್ಕ, ಜೈಲಿನ ಮುಲಾಖಾತ್‌ಗೆ ಸಾಲು ನಿಲ್ಲುವ ಜಾಗದಲ್ಲಿ ಹಚ್ಚಬೇಕು. ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲ ಹಿಂದೆ ಬೇಡ.

— ಕೆಲವು ವಕೀಲರು, ಬಳ್ಳಾರಿ