ಒಂದು ಬೆಳಿಗ್ಗೆ ಕೊನೇ ನಲ್ಲಿಯ ಹತ್ತಿರ ನಿಂತು ನೋಡಿ

ಕೋಲಾರ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯವನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿ ಈಗ ಊರಲ್ಲೇ ಇದ್ದೇನೆ. ಬರೆಯುತ್ತಿರುವುದು ಕುಡಿಯುವ ನೀರಿನ ಬಗ್ಗೆ. ಜೊತೆಗೆ ಇಬ್ಬರು ತತ್ವಜ್ಞಾನಿಗಳ ಮಾತೂ ಬರುತ್ತದೆ. ಇದಕ್ಕೂ ಅದಕ್ಕೂ ಏನು ಸಂಬಂಧ ಅನ್ನಿಸಬಹುದು. ದಯವಿಟ್ಟು ಪೂರ್ತಿ ಓದಿ. ಡಿ.ವಿ.ಜಿ. ಹುಟ್ಟಿದ ತಾಲ್ಲೂಕು ನಮ್ಮದು, ನಮಗೆ ಇಂಥ ಮಾತು ಹೊಸದಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಐದೂವರೆಗೆ ನಮ್ಮೂರಿನ ಕೊನೇ ಬೀದಿಗೆ ಹೋಗಿದ್ದೆ. ಅಲ್ಲಿ ನಲ್ಲಿಗಳು ನೆಲದ ಮೇಲಿಲ್ಲ. ಮೇಲಿದ್ದರೆ ನೀರು ಹತ್ತುವುದಿಲ್ಲ ಅಂತ ಪ್ರತಿ ಮನೆಯ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ಪೈಪನ್ನು ಅಲ್ಲೇ ಕತ್ತರಿಸಿ ಬಿಟ್ಟಿದ್ದಾರೆ. ಒಬ್ಬ ಅಕ್ಕ ಆ ಗುಂಡಿಯಲ್ಲಿ ಇಳಿದು ಕೂತಿದ್ದರು. ಪೈಪಿನ ಬಾಯಿಗೆ ಸ್ಟೀಲ್ ಲೋಟ ಹಿಡಿಯುವುದು, ತುಂಬಿದ ಮೇಲೆ ಬಿಂದಿಗೆಗೆ ಸುರಿಯುವುದು, ಮತ್ತೆ ಹಿಡಿಯುವುದು. ಪಕ್ಕದಲ್ಲಿ ಮಗಳು ಶಾಲೆಯ ಸಮವಸ್ತ್ರ ಹಾಕಿಕೊಂಡು, ತುಂಬಿದ ಬಿಂದಿಗೆ ಒಳಗಿಡಲು ಕಾಯುತ್ತಿದ್ದಳು. ಒಂದು ಗಂಟೆಯಲ್ಲಿ ನಾಲ್ಕು ಬಿಂದಿಗೆ ಆಯಿತು. ಆಮೇಲೆ ಪೈಪು ಬುಸ್ ಅಂದು ಗಾಳಿ ಬಿಟ್ಟಿತು. ಅಷ್ಟೇ.

"ಮೇಷ್ಟ್ರೇ, ನಲ್ಲಿ ಇದೆ ಅಂತ ಬರ್ಕೊಂಡು ಹೋದ್ರು. ನೀರು ಬರ್ತದಾ ಅಂತ ಯಾರೂ ಕೇಳ್ಲಿಲ್ಲ" ಅಂದರು ಆ ಅಕ್ಕ.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ', ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಹೇಳುತ್ತದೆ. ಐದು ಜನರ ಮನೆಗೆ 275 ಲೀಟರ್. ಬಿಂದಿಗೆಗೆ 15 ಲೀಟರ್ ಅಂದರೂ ಹದಿನೆಂಟು ಬಿಂದಿಗೆ ತುಂಬಿ ಇನ್ನೂ ಸ್ವಲ್ಪ ಉಳಿಯಬೇಕು. ಟ್ಯಾಂಕಿನ ಹತ್ತಿರದ ಬೀದಿಯಲ್ಲಿ ಅಷ್ಟು ಬರುತ್ತದೆ, ಕೆಲವರ ಮನೆಯಲ್ಲಿ ಜಾಸ್ತಿಯೇ ಬರುತ್ತದೆ. ಅಲ್ಲಿ ಕೆಲವರು ನಲ್ಲಿಗೇ ಮೋಟಾರ್ ಹಾಕಿ ಎಳೆಯುತ್ತಾರೆ.

ಅಮರ್ತ್ಯ ಸೇನ್ 2009ರಲ್ಲಿ ಬರೆದ ನ್ಯಾಯದ ಕುರಿತ ಪುಸ್ತಕದಲ್ಲಿ ನಮ್ಮದೇ ಎರಡು ಹಳೆಯ ಮಾತುಗಳನ್ನು ಬೇರೆ ಬೇರೆ ಮಾಡಿ ನೋಡುತ್ತಾರೆ: ನೀತಿ ಮತ್ತು ನ್ಯಾಯ. ನಿಯಮ, ಸಂಸ್ಥೆ, ಏರ್ಪಾಡು ಸರಿಯಾಗಿರುವುದು ನೀತಿ. ಆ ಏರ್ಪಾಡಿನಿಂದ ಜನರ ಬದುಕಿನಲ್ಲಿ ನಿಜವಾಗಿ ಏನಾಯಿತು ಅನ್ನುವುದು ನ್ಯಾಯ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ತಡೆಯದಿದ್ದರೆ ನೀತಿ ಎಷ್ಟಿದ್ದರೂ ನ್ಯಾಯ ಇದೆ ಅನ್ನಲು ಬರುವುದಿಲ್ಲ ಅನ್ನುವುದು ಅವರ ವಾದ. ಮನೆ ಮುಂದೆ ನಲ್ಲಿ ಹಾಕಿದ್ದು ನೀತಿ. ಆ ಅಕ್ಕನ ಲೋಟಕ್ಕೆ ನೀರು ಬಿದ್ದರೆ ನ್ಯಾಯ. ನಲ್ಲಿಗೆ ಹಾಕಿದ ಮೋಟಾರ್ ಮತ್ಸ್ಯನ್ಯಾಯವೇ, ಅಲ್ವಾ?

ಇದಕ್ಕೆ ನಮ್ಮ ಪಂಚಾಯಿತಿಯ ನೀರುಗಂಟಿಯನ್ನು, ಅಂದರೆ ನೀರು ಬಿಡುವವನನ್ನು, ಬೈದು ಪ್ರಯೋಜನವಿಲ್ಲ. ಟ್ಯಾಂಕಿನ ಹತ್ತಿರದ ಬೀದಿಗೆ ಮೊದಲು ವಾಲ್ವ್ ತಿರುಗಿಸದಿದ್ದರೆ ಅವನಿಗೆ ಫೋನ್ ಬರುತ್ತದೆ. ಫೋನ್ ಮಾಡುವವರು ಕೊನೇ ಬೀದಿಯವರಲ್ಲ.

'ನೀರುಗಂಟಿ' ಅನ್ನುವ ಹೆಸರಿನ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಈ ಜಿಲ್ಲೆ ಬದುಕಿದ್ದೇ ಕೆರೆಯಿಂದ. ಕೆರೆಯ ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸುವುದು ನೀರುಗಂಟಿಯ ಕೆಲಸ. ಸಾಮಾನ್ಯವಾಗಿ ದಲಿತರೇ ಆ ಕೆಲಸ ಮಾಡುತ್ತಿದ್ದರು. ನೀರು ಹಂಚುವವನಿಗೆ ಆ ಗದ್ದೆಗಳಲ್ಲಿ ಪಾಲಿಲ್ಲ, ಹಾಗಾಗಿ ಅವನು ಯಾರ ಕಡೆಗೂ ವಾಲುವುದಿಲ್ಲ ಅನ್ನುವ ನಂಬಿಕೆ. ಕೆರೆಯಲ್ಲಿ ನೀರು ಕಡಿಮೆಯಾದಾಗ ಗೌಡರ ಗದ್ದೆಯೂ ಸರದಿ ಕಾಯಬೇಕಿತ್ತು ಅಂತ ನಮ್ಮ ತಾತ ಹೇಳುತ್ತಿದ್ದರು. ಆದರೆ ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಊರಿಗೆಲ್ಲ ನೀರು ಹಂಚಿದ ಆ ಮನುಷ್ಯ ಊರ ಬಾವಿಗೆ ಬಿಂದಿಗೆ ಇಳಿಸುವ ಹಾಗಿರಲಿಲ್ಲ. ಅವನಿಗೆ ಪಾಲಿಲ್ಲದಂತೆ ಮಾಡಿದವರೇ ಅವನ ನಿಷ್ಪಕ್ಷಪಾತವನ್ನು ಹೊಗಳಿದರು. ಇವತ್ತು ನಮ್ಮೂರಿನ ಕೊನೇ ಬೀದಿಯಲ್ಲಿರುವುದೂ ಆ ನೀರುಗಂಟಿಗಳ ಮೊಮ್ಮಕ್ಕಳೇ.

ಇಲ್ಲಿ ನನಗೆ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ನೆನಪಾಗುತ್ತಾರೆ. ಅವರು ಚಿಕ್ಕವರಿದ್ದಾಗ ಅವರಿಂದಲೇ ರೋಗ ಅಂಟಿ ಇಬ್ಬರು ತಮ್ಮಂದಿರು ತೀರಿಕೊಂಡರು. ಒಬ್ಬನಿಗೆ ಗಂಟಲಮಾರಿ, ಇನ್ನೊಬ್ಬನಿಗೆ ನ್ಯುಮೋನಿಯಾ. ಅಣ್ಣ ಉಳಿದ, ತಮ್ಮಂದಿರು ಹೋದರು. ಇದರಲ್ಲಿ ಯಾರ ಯೋಗ್ಯತೆಯೂ ಇಲ್ಲ, ತಪ್ಪೂ ಇಲ್ಲ. ಅವರು 1971ರಲ್ಲಿ ಒಂದು ವಿಚಾರ ಮುಂದಿಟ್ಟರು. ಸಮಾಜದ ನಿಯಮ ಮಾಡುವವರು ತಮ್ಮ ಮುಂದೆ ಒಂದು ಪರದೆ ಇದೆ ಅಂದುಕೊಳ್ಳಬೇಕು. ಪರದೆಯ ಆಚೆ ತಾನು ಯಾರ ಮನೆಯಲ್ಲಿ ಹುಟ್ಟುತ್ತೇನೆ, ಬಡವನೋ ಸಾಹುಕಾರನೋ, ಯಾವುದೂ ಗೊತ್ತಿಲ್ಲ. ಆಗ ಎಂಥ ನಿಯಮ ಒಪ್ಪುತ್ತೀಯೋ ಅದು ನ್ಯಾಯದ ನಿಯಮ.

ಹಳೆಯ ನೀರುಗಂಟಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅವನದು ಪಾಲೇ ಇಲ್ಲದವನ ನಿಷ್ಪಕ್ಷಪಾತ. ರಾಲ್ಸ್ ಕೇಳುವುದು, ಯಾವ ಪಾಲು ತನ್ನದಾಗುತ್ತೋ ಗೊತ್ತಿಲ್ಲದವನ ನಿಷ್ಪಕ್ಷಪಾತ. ನಿಮ್ಮಂಥ ಅಧಿಕಾರಿಗಳು ಹೊರಗಿನಿಂದ ಬರುತ್ತೀರಿ, ಎರಡು ಮೂರು ವರ್ಷ ಇದ್ದು ಹೋಗುತ್ತೀರಿ. ನಮ್ಮ ನಲ್ಲಿಗಳಲ್ಲಿ ನಿಮಗೆ ಪಾಲಿಲ್ಲ. ಅದು ಒಳ್ಳೆಯದೇ. ಆದರೆ ಸಾಲದು ಸಾರ್. ನಾಳೆ ವರ್ಗಾವಣೆ ಆದೇಶದಲ್ಲಿ ನಿಮ್ಮ ಮನೆ ಆ ಕೊನೇ ಬೀದಿಯಲ್ಲಿ ಅಂತ ಬರೆದಿರಬಹುದು, ಗುಂಡಿಯ ಪಕ್ಕ ಕಾಯುವವಳು ನಿಮ್ಮ ಮಗಳೇ ಇರಬಹುದು ಅಂದುಕೊಂಡು ಕಡತ ತೆಗೆಯಿರಿ. ಆಗ ನೀರನ್ನು ಎಲ್ಲಿ ಅಳೆಯಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಟ್ಯಾಂಕಿಗೆ ಎಷ್ಟು ಏರಿಸಿದರು ಅನ್ನುವ ಲೆಕ್ಕ ಬೇಡ, ಕೊನೇ ನಲ್ಲಿಯಲ್ಲಿ ಎಷ್ಟು ಬಂತು ಅಂತ ಬರೆಸಿ. ವಾರದಲ್ಲಿ ಮೂರು ದಿನವಾದರೂ ಕೊನೇ ಬೀದಿಯ ವಾಲ್ವ್ ಮೊದಲು ತಿರುಗಲಿ. ಆ ಸರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದರೆ, ಫೋನ್ ಮಾಡುವವರಿಗೆ ನೀರುಗಂಟಿ ಅದನ್ನೇ ತೋರಿಸಬಹುದು. ನಲ್ಲಿಯ ಮೋಟಾರುಗಳನ್ನು ಬಿಚ್ಚಿಸಿ, ಯಾರ ಮನೆಯದೇ ಆಗಲಿ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಅದರಲ್ಲಿ ಇಬ್ಬರಾದರೂ ಕೊನೇ ಬೀದಿಯವರಾಗಲಿ. ಸಾವಿರ ಅಡಿ ಕೊರೆದು ತೆಗೆಯುವ ನೀರು ಇದು, ಬೇಕಾದಷ್ಟು ಇಲ್ಲ ಅಂತ ನಮಗೂ ಗೊತ್ತು. ಕಡಿಮೆ ಇದ್ದರೆ ಎಲ್ಲ ಬೀದಿಗೂ ಕಡಿಮೆ ಬರಲಿ.

ನಮ್ಮಲ್ಲಿ ದಿನ ಬಿಟ್ಟು ದಿನ ಬೆಳಿಗ್ಗೆ ಐದೂವರೆಗೆ ನೀರು ಬಿಡುತ್ತಾರೆ. ಮೊದಲೇ ತಿಳಿಸಿ ಬರಬೇಡಿ. ತಿಳಿಸಿದರೆ ಅವತ್ತು ಎಲ್ಲ ನಲ್ಲಿಯಲ್ಲೂ ನೀರು ಬರುತ್ತದೆ. ಸುಮ್ನೆ ಬಂದು ಆ ಬೀದಿಯಲ್ಲಿ ನಿಲ್ಲಿ. ಹೋದ ತಿಂಗಳಿಂದ ಆ ಹೊತ್ತಿಗೆ ನಾನೂ ಅಲ್ಲೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು
ಮುಳಬಾಗಿಲು ತಾಲ್ಲೂಕು