ಟೇಪ್ ಚೀಲದ ಕಾಲದಿಂದ ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು "ಅಪ್ಪಾ, ನಮ್ಮ ಕಂಪನೀನ ಯಾರೋ ಕೊಂಡ್ಕೊಳ್ತಾರಂತೆ" ಅಂದಾಗ ನಾನು ಹೂಂ ಅಂದು ಸುಮ್ಮನಾದೆ. ನಿನಗೆ ಸಿಟ್ಟು ಬಂತು, ಗೊತ್ತಾಯಿತು. ಫೋನಲ್ಲಿ ನನಗೆ ಮಾತು ಹೊರಡಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಚಿಕ್ಕವಳಿದ್ದಾಗ ನಾನು ನೈಟ್ ಶಿಫ್ಟಿಗೆ ಹೋಗುತ್ತಿದ್ದೆನಲ್ಲ, ಅಲ್ಲಿ ನನ್ನ ಕೆಲಸ ಬ್ಯಾಕಪ್ ಟೇಪ್, ಅಂದರೆ ಕಂಪ್ಯೂಟರಿನ ಡೇಟಾದ ನಕಲು ತುಂಬಿಡುವ ಟೇಪ್, ಬದಲಿಸುವುದು. ಹಾಡಿನ ಕ್ಯಾಸೆಟ್‌ಗಿಂತ ದಪ್ಪ, ಬೆನ್ನಿಗೊಂದು ಬಾರ್‌ಕೋಡ್ ಚೀಟಿ. ಬೆಳಗ್ಗೆ ಅವನ್ನೆಲ್ಲ ಚೀಲಕ್ಕೆ ತುಂಬಿ, ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಹೋಗಿ ಇನ್ನೊಂದು ಕಟ್ಟಡದ ಬೀರುವಿಗೆ ಸೇರಿಸಬೇಕಿತ್ತು. ಒಂದು ಸಲ ಯಾರೋ ಅಳಿಸಿದ ಫೈಲ್ ವಾಪಸ್ ತೆಗೆಯಲು ಹೋದರೆ ಟೇಪ್ ಓದಲೇ ಇಲ್ಲ. ಎರಡು ದಿನ ಬೈಸಿಕೊಂಡೆ.

ಆಗ ಅಮೆರಿಕದಲ್ಲಿ ಡೇಟಾ ಡೊಮೇನ್ ಅಂತ ಒಂದು ಕಂಪನಿ, ಟೇಪಿನ ಬದಲು ಬ್ಯಾಕಪ್ ಇಡುವ ಡಿಸ್ಕಿನ ಪೆಟ್ಟಿಗೆ ಮಾರುತ್ತಾ, ಟೇಪನ್ನು ಬೈಯುವ ಸ್ಟಿಕ್ಕರ್ ಹಂಚುತ್ತಿತ್ತು. ಸಿಕ್ಕಿದ್ದರೆ ನನ್ನ ಟಿಫಿನ್ ಡಬ್ಬಿಗೆ ಅಂಟಿಸಿಕೊಳ್ಳುತ್ತಿದ್ದೆ! ಪ್ರಿನ್ಸ್‌ಟನ್‌ನ ಪ್ರೊಫೆಸರ್ ಕಾಯ್ ಲೀ ಮತ್ತು ಜೊತೆಗಾರರು 2001ರಲ್ಲಿ ಶುರು ಮಾಡಿದ್ದು. ಉಪಾಯ ಸರಳ. ನಾವು ದಿನಾ ರಾತ್ರಿ ಬ್ಯಾಕಪ್ ಮಾಡುವುದರಲ್ಲಿ ಮುಕ್ಕಾಲು ಪಾಲು ನಿನ್ನೆಯದೇ ಇರುತ್ತೆ, ಅಲ್ವಾ? ಡೇಟಾವನ್ನು ಚೂರು ಚೂರು ಮಾಡಿ, ಪ್ರತಿ ಚೂರಿನ ಹೆಬ್ಬೆಟ್ಟು ಗುರುತು ಇಟ್ಟುಕೊಂಡು, ಅದೇ ಗುರುತು ಮತ್ತೆ ಬಂದರೆ "ಇದು ಇದೆ, ಅಲ್ಲಿ ನೋಡು" ಅಂತ ಬರೆದುಕೊಂಡರೆ ಸಾಕು. ಕಷ್ಟ ಇದ್ದದ್ದು ಹುಡುಕುವುದರಲ್ಲಿ. ಗುರುತಿನ ಪಟ್ಟಿ ಮೆಮರಿಯಲ್ಲಿ ಹಿಡಿಸಲ್ಲ, ಪ್ರತಿ ಚೂರಿಗೂ ಡಿಸ್ಕ್ ತಡಕುತ್ತಾ ಕೂತರೆ ಬೆಳಗಾದರೂ ಬ್ಯಾಕಪ್ ಮುಗಿಯಲ್ಲ. ಆ ತಡಕಾಟದಲ್ಲಿ ಶೇಕಡಾ 99ರಷ್ಟನ್ನು ತಪ್ಪಿಸುವ ದಾರಿಯನ್ನು ಅವರು 2008ರಲ್ಲಿ ಪೇಪರ್ ಬರೆದು ತೋರಿಸಿದರು.

2007ರಲ್ಲಿ 15 ಡಾಲರಿಗೊಂದರಂತೆ ಷೇರು ಬಿಟ್ಟಿದ್ದರು. 2009ರ ಮೇ ತಿಂಗಳಲ್ಲಿ, ಡೇಟಾ ಇಡುವ ಯಂತ್ರ ಮಾರುವ ನೆಟ್‌ಆ್ಯಪ್ ಕಂಪನಿ ಅದನ್ನು ಕೊಳ್ಳಲು 150 ಕೋಟಿ ಡಾಲರ್ ಕೊಡ್ತೀನಿ ಅಂತ ಬಂತು. ಅದರ ಎದುರಾಳಿ ಇಎಂಸಿ 180 ಅಂತು. ನೆಟ್‌ಆ್ಯಪ್ 190ಕ್ಕೆ ಏರಿತು. ಎಪಿಎಂಸಿ ಹರಾಜಿನ ಹಾಗೆ! ಕೊನೆಗೆ ಜುಲೈನಲ್ಲಿ ಷೇರಿಗೆ 33.50 ಡಾಲರ್, ಒಟ್ಟು ಸುಮಾರು 210 ಕೋಟಿಗೆ ಇಎಂಸಿ ಗೆದ್ದಿತು. ಸೋತ ನೆಟ್‌ಆ್ಯಪ್‌ಗೆ, ಡೇಟಾ ಡೊಮೇನ್ ತನ್ನ ಜೊತೆಗಿನ ಒಪ್ಪಂದ ಮುರಿದದ್ದಕ್ಕೆ, 5.7 ಕೋಟಿ ಡಾಲರ್ ಸಿಕ್ಕಿತು, ಹೇಗಿದೆ ನೋಡು. ತಮಾಷೆ ಅಂದರೆ ಇಎಂಸಿ ಬಳಿ ಇದೇ ಕೆಲಸ ಮಾಡುವ ಅವಾಮಾರ್ ಅನ್ನೋ ಸಾಫ್ಟ್‌ವೇರ್ ಆಗಲೇ ಇತ್ತು. ನನ್ನ ಲೆಕ್ಕದಲ್ಲಿ, ಎದುರಾಳಿ ಕೈಗೆ ಸಿಗಬಾರದು ಅನ್ನೋದಕ್ಕೇ ಅರ್ಧ ದುಡ್ಡು ಕೊಟ್ಟಿದ್ದು.

ಆಮೇಲೆ 2016ರಲ್ಲಿ ಆ ಇಎಂಸಿಯನ್ನೇ ಡೆಲ್ ಕೊಂಡಿತು. ಆ ಪೆಟ್ಟಿಗೆ ಈಗಲೂ ಮಾರಾಟವಾಗುತ್ತೆ. 2019ರಲ್ಲಿ ಅದಕ್ಕೆ ಪವರ್‌ಪ್ರೊಟೆಕ್ಟ್ ಡಿಡಿ ಅಂತ ಹೆಸರಿಟ್ಟರು. ಆಗ ಹಳೇ ಹೆಸರಲ್ಲಿ ಉಳಿದಿದ್ದು ಎರಡಕ್ಷರ. ದೂರದರ್ಶನ ಅಂದ್ಕೋಬೇಡ.

ಹಾಗಾಗಿ ಬಾಗಿಲ ಮೇಲಿನ ಹೆಸರಿನ ಬೋರ್ಡ್ ಬದಲಾಗುತ್ತೆ ಅಂತ ನೀನು ಅಳುವುದು ನನಗೆ ಅಷ್ಟು ಅರ್ಥ ಆಗಲ್ಲ. ಕೊಳ್ಳುವವರ ಹತ್ತಿರ ನಿಮ್ಮಂಥದ್ದೇ ಇನ್ನೊಂದು ಇದೆಯಾ, ನಿಮ್ಮ ಟೀಮನ್ನು ಯಾರ ಕೈಕೆಳಗೆ ಹಾಕ್ತಾರೆ, ಅದನ್ನು ಕೇಳು. ನಿನಗೆ ಕೊಟ್ಟಿರುವ ಷೇರಿನಲ್ಲಿ ಇನ್ನೂ ಕೈಗೆ ಬಾರದ್ದು ಏನಾಗುತ್ತೆ ಅಂತಲೂ ಬರವಣಿಗೆಯಲ್ಲೇ ಕೇಳು. ಭಾನುವಾರ ಬರುವಾಗ ಆ ಕಾಗದ ತಗೊಂಡು ಬಾ, ಕನ್ನಡಕ ಹಾಕ್ಕೊಂಡು ಕೂತು ಓದೋಣ. ಅಮ್ಮ ಅವರೆಕಾಳು ಬಿಡಿಸಿಟ್ಟಿದ್ದಾಳೆ.

ಅಪ್ಪ