ಕಪ್ಪತಗುಡ್ಡದ ನಡಿಗೆ, ಮೊಬೈಲ್ ವಿಚಾರ: ಪಾಲಕರಿಗೆ ಪತ್ರ

ಗದಗ

ಆತ್ಮೀಯ ಪಾಲಕರೇ, ನಮಸ್ಕಾರ.

ಹೋದ ಶನಿವಾರ ಕಪ್ಪತಗುಡ್ಡ ಇಳಿಯುವಾಗ ಎಂಟನೆಯ ತರಗತಿಯ ಹುಡುಗನೊಬ್ಬನ ಕಾಲು ಉಳುಕಿತು. ಈಗ ಆರಾಮಿದ್ದಾನೆ, ಸೋಮವಾರ ಎಲ್ಲರಿಗೂ ಪಟ್ಟಿ ತೋರಿಸುತ್ತ ತಿರುಗಿದ. ಆದರೆ ಮನೆಯವರಿಗೆ ಸುದ್ದಿ ಮುಟ್ಟಿದ್ದು ಸಂಜೆ ಐದಕ್ಕೆ. ಕೆಳಗಿಳಿದ ಕೂಡಲೇ ನಾವು ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ತಪ್ಪು ನಮ್ಮದೇ.

ಅದರ ಬೆನ್ನಿಗೇ ಬಂದ ನಿಮ್ಮ ಮನವಿಯನ್ನು ಮಾತ್ರ ಒಪ್ಪಲಾಗುತ್ತಿಲ್ಲ. ಮಕ್ಕಳ ಕೈಯಲ್ಲಿ ಮೊಬೈಲ್ ಇರಲಿ, ಇಲ್ಲವೇ ಉತ್ತರಾಖಂಡದಿಂದ ಬಂದ ಮಕ್ಕಳೊಂದಿಗಿನ ಕಾರ್ಯಕ್ರಮವನ್ನೆಲ್ಲ ಶಾಲೆಯ ಹಾಲ್‌ನಲ್ಲೇ ಮುಗಿಸಿ ಎಂದಿದ್ದೀರಿ.

ಹಾಲ್‌ನಲ್ಲೂ ಮಾಡಿ ನೋಡಿದೆವು. ರಾಜ್ಯಗಳನ್ನು ಜೋಡಿ ಮಾಡಿ ಪರಸ್ಪರ ಪರಿಚಯಿಸುವ ಕೇಂದ್ರ ಸರ್ಕಾರದ ‘ಏಕ ಭಾರತ ಶ್ರೇಷ್ಠ ಭಾರತ’ ಕಾರ್ಯಕ್ರಮದಲ್ಲಿ ನಮಗೆ ಉತ್ತರಾಖಂಡ ಜೋಡಿ ರಾಜ್ಯ. ಮೊದಲ ಮೂರು ದಿನ ಹಾಡು, ಕುಣಿತ, ಫೋಟೊ. ಫೋಟೊ ಮುಗಿದೊಡನೆ ಅವರ ಬೆಂಚು ಬೇರೆ, ನಮ್ಮವರ ಬೆಂಚು ಬೇರೆ. ಅವರಲ್ಲೊಬ್ಬ ಹುಡುಗಿ ಊಟ ಬೇಕೋ ಬೇಡವೋ ಎನ್ನುವುದನ್ನೂ ತಲೆಯಾಡಿಸಿಯೇ ಹೇಳುತ್ತಿದ್ದಳು.

ನಾಲ್ಕನೆಯ ದಿನ ನಸುಕಿನಲ್ಲಿ ಮಾಗಡಿ ಕೆರೆಗೆ ಹೋದೆವು. 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದ ಕೆರೆ. ನಮ್ಮ ಮಕ್ಕಳಲ್ಲೇ ಅರ್ಧಕ್ಕರ್ಧ ನೋಡಿರಲಿಲ್ಲ! ಪಟ್ಟೆತಲೆ ಹೆಬ್ಬಾತುಗಳ ಹಿಂಡು ನೀರಿನಿಂದ ಎದ್ದಿತು. ಇವು ಹಿಮಾಲಯ ದಾಟಿ ಬರುವ ಹಕ್ಕಿ ಎಂದು ವಿಜ್ಞಾನದ ಮಾಸ್ತರರು ಹೇಳಿದ್ದೇ ತಡ, ಆ ಹುಡುಗಿ “ಹಾಗಾದರೆ ನಮ್ಮವು” ಎಂದು ಹಿಂದಿಯಲ್ಲಿ ಕೂಗಿದಳು. ನಮ್ಮವಳೂ ಬಿಡಲಿಲ್ಲ: “ಚಳಿಗಾಲ ಪೂರಾ ನಮ್ಮ ಹೊಲದಾಗ ಮೇಯ್ತಾವ, ಅರ್ಧಾ ನಮ್ಮವು!” ಯಾರು ಯಾವ ಭಾಷೆಯಲ್ಲಿ ಜಗಳಾಡಿದರೋ ದೇವರಿಗೇ ಗೊತ್ತು. ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು.

ದಾರಿಯಲ್ಲಿ ರೈತರೊಬ್ಬರು ಸುಲಗಾಯಿ (ಹಸಿ ಕಡ್ಲಿ) ಕಿತ್ತುಕೊಟ್ಟರು. ಕಡ್ಲಿ ಎಲೆಯ ಹುಳಿ ಬೆರಳಿಗೆ ಹತ್ತಿದ್ದನ್ನು ನೆಕ್ಕಿ ಮುಖ ಕಿವುಚಿದ ಅದೇ ಉತ್ತರಾಖಂಡದ ಮಕ್ಕಳು ಶನಿವಾರ ಗುಡ್ಡದ ಮೇಲೆ ನಮ್ಮವರಿಗೆ ಗುರುಗಳಾದರು. ಇಳಿಜಾರಿನಲ್ಲಿ ಪಾದ ಅಡ್ಡ ಇಡು, ಸಣ್ಣ ಹೆಜ್ಜೆ ಹಾಕು. ಉಳುಕಿದ ಹುಡುಗನ ಚೀಲ ಹೊತ್ತು, ಹೆಗಲು ಕೊಟ್ಟು ಇಳಿಸಿದವನೂ ಅವರ ಹುಡುಗನೇ. ಅವನಿಗೆ ಕನ್ನಡದಲ್ಲಿ ಬರುತ್ತಿದ್ದುದು “ಸಾವಕಾಶ” ಎಂಬ ಒಂದೇ ಮಾತು. ಕೆಳಗೆ ಬರುವವರೆಗೂ ಅದನ್ನೇ ಹೇಳಿದ.

ಕೈಯಲ್ಲಿ ಮೊಬೈಲ್ ಇದ್ದಿದ್ದರೆ ನಮ್ಮ ಹುಡುಗ ಆ ಹೆಗಲು ಹಿಡಿಯುವ ಬದಲು ಸಿಗ್ನಲ್ ಹುಡುಕುತ್ತ ಕೂರುತ್ತಿದ್ದ. ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ, ನಾನೂ ಇಬ್ಬರು ಮಕ್ಕಳ ತಂದೆ. ಮೊಬೈಲ್ ಬೇಡವೆಂದರೆ ಮಕ್ಕಳನ್ನು ನಿಮ್ಮಿಂದ ದೂರ ಮಾಡುವ ಉದ್ದೇಶ ಖಂಡಿತ ಅಲ್ಲ. ಮೂವರು ಶಿಕ್ಷಕರ ಬಳಿ ಫೋನ್ ಇರುತ್ತದೆ; ಹತ್ತುವ ಮೊದಲು, ಇಳಿದ ಮೇಲೆ ವಾಟ್ಸಾಪ್ ಗುಂಪಿಗೆ ಸುದ್ದಿ ಬರುತ್ತದೆ; ಯಾರಿಗೇ ಪೆಟ್ಟಾದರೂ ಮೊದಲ ಕರೆ ಮನೆಗೆ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಶಾಲೆಗೆ ಬನ್ನಿ, ಚಹಾ ಕುಡಿಯುತ್ತ ಮಾತಾಡೋಣ. ಮಕ್ಕಳ ಕೈಗೆ ಮೊಬೈಲ್ ಮಾತ್ರ ಬೇಡ.

ಚಿರತೆ ಬಗ್ಗೆ ಕೇಳಿದವರಿಗೆ: ಇಲ್ಲ ಎನ್ನಲಾರೆ, 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಅದಕ್ಕೇ ಅರಣ್ಯ ಇಲಾಖೆಯ ಅನುಮತಿ ಪಡೆದು, ಗಾರ್ಡ್ ಜೊತೆಗೇ ಹೋಗಿದ್ದೆವು. ಟ್ಯೂಷನ್ ತಪ್ಪುತ್ತದೆ ಎಂದವರಿಗೆ: ತಪ್ಪುವುದು ಇನ್ನೊಂದೇ ಶನಿವಾರ.

ಆ ಶನಿವಾರಕ್ಕಾಗಿ ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು

ವಿ.ಸೂ.: ಆ ಹುಡುಗ ಚಪ್ಪಲಿಯಲ್ಲಿ ಬಂದಿದ್ದ, ನಾವೂ ಗಮನಿಸಲಿಲ್ಲ. ದಯವಿಟ್ಟು ಬೂಟು ಹಾಕಿ ಕಳಿಸಿ.